ಕೆಟ್ಟ ಪದ ಎಲ್ಲಿದೆ?

ಒಂದು ಪುಸ್ತಕ ಅಶ್ಲೀಲವೆನ್ನಬೇಕಾದರೆ ಅದರಲ್ಲಿ ಅಶ್ಲೀಲವಾದ ಮಾತೊಂದಾದರೂ ಇರಬೇಕಲ್ಲವೇ? ಇರಬೇಕಾಗಿಲ್ಲ ಎಂದಿತು 1928ರಲ್ಲಿ ಲಂಡನ್ನಿನ ಬೋ ಸ್ಟ್ರೀಟ್ ನ್ಯಾಯಾಲಯ.

ರ‍್ಯಾಡ್‌ಕ್ಲಿಫ್ ಹಾಲ್ ಬರೆದ 'ದಿ ವೆಲ್ ಆಫ್ ಲೋನ್ಲಿನೆಸ್' ಕಾದಂಬರಿ ಆ ವರ್ಷದ ಜುಲೈನಲ್ಲಿ ಹೊರಬಂತು. ಸ್ಟೀಫನ್ ಎಂಬ ಗಂಡು ಹೆಸರು ಹೊತ್ತ ಹೆಣ್ಣೊಬ್ಬಳು ಹೆಣ್ಣನ್ನೇ ಪ್ರೀತಿಸುವ ಕಥೆ ಅದು. ಮುತ್ತು, ಅಪ್ಪುಗೆಗಳಾಚೆಗೆ ಅದು ಏನನ್ನೂ ಬಣ್ಣಿಸುವುದಿಲ್ಲ. ಆದರೂ 'ಸಂಡೇ ಎಕ್ಸ್‌ಪ್ರೆಸ್' ಸಂಪಾದಕ ಜೇಮ್ಸ್ ಡಗ್ಲಾಸ್, ಎಳೆಯರ ಕೈಗೆ ಇದನ್ನು ಕೊಡುವುದಕ್ಕಿಂತ ವಿಷ ಕೊಡುವುದೇ ಮೇಲು ಎಂದು ಬರೆದ. ಪ್ರಕಾಶಕ ಜೊನಾಥನ್ ಕೇಪ್ ಪುಸ್ತಕವನ್ನು ಹಿಂತೆಗೆದುಕೊಂಡು, ಗುಟ್ಟಾಗಿ ಮುದ್ರಣದ ಅಚ್ಚುಗಳನ್ನು ಪ್ಯಾರಿಸ್ಸಿಗೆ ಕಳಿಸಿದ. ಅಲ್ಲಿಂದ ಬಂದ ಪ್ರತಿಗಳನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ವರ್ಜೀನಿಯಾ ವುಲ್ಫ್, ಇ. ಎಂ. ಫಾರ್ಸ್ಟರ್ ಮೊದಲಾದವರು ಸಾಕ್ಷಿ ಹೇಳಲು ಸಿದ್ಧರಾಗಿದ್ದರು. ಪುಸ್ತಕ ಅಶ್ಲೀಲವೋ ಅಲ್ಲವೋ ಎಂದು ಹೇಳಲು ಮ್ಯಾಜಿಸ್ಟ್ರೇಟ್ ಚಾರ್ಟ್ರೆಸ್ ಬೈರನ್ ಅವರಿಗೆ ಅವಕಾಶ ಕೊಡಲಿಲ್ಲ. ಚೆನ್ನಾಗಿ ಬರೆದ ಪುಸ್ತಕ ಹೆಚ್ಚು ಜನರನ್ನು ಮುಟ್ಟುತ್ತದೆ, ಆದ್ದರಿಂದ ಅದರ ಅಪಾಯವೂ ಹೆಚ್ಚು ಎಂಬುದು ಅವನ ತರ್ಕ. ಇಂಥ ಹೆಂಗಸರನ್ನು ಲೇಖಕಿ ಎಲ್ಲಿಯೂ ತಪ್ಪಿತಸ್ಥರೆಂದಿಲ್ಲ ಎಂಬುದೂ ಅವನ ದೂರು. ಪ್ರತಿಗಳ ನಾಶಕ್ಕೆ ಆಜ್ಞೆಯಾಯಿತು. ಕಾದಂಬರಿ ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾದದ್ದು 1949ರಲ್ಲಿ.

ಅದೇ 1928ರ ಅಕ್ಟೋಬರಿನಲ್ಲಿ ವುಲ್ಫ್ ಅವರ 'ಒರ್ಲಾಂಡೋ' ಬಂತು. ಗೆಳತಿ ವೀಟಾ ಸ್ಯಾಕ್‌ವಿಲ್-ವೆಸ್ಟ್‌ಗೆ ಅರ್ಪಿತವಾದ ಕೃತಿ. ನಾಯಕ ನಡುವೆ ಹೆಣ್ಣಾಗಿಬಿಡುವ ಕಲ್ಪನೆಯ ಮರೆಯಲ್ಲಿ ಅದು ಪಾರಾಯಿತು.

ಓದುಗನ ಮನಸ್ಸು ಕೆಡಿಸುವ ಪ್ರವೃತ್ತಿಯಿದ್ದರೆ ಸಾಕು, ಕೃತಿ ಅಶ್ಲೀಲ ಎಂಬುದು ಇಂಗ್ಲೆಂಡಿನ 1868ರ ಹಿಕ್ಲಿನ್ ತೀರ್ಪು. ಇದೇ ಅಳತೆಗೋಲು ಭಾರತಕ್ಕೂ ಬಂತು. ನಮ್ಮ ಸುಪ್ರೀಂ ಕೋರ್ಟು ಅದನ್ನು ಕೈಬಿಟ್ಟದ್ದು 2014ರಲ್ಲಿ.

ಇಸ್ಮತ್ ಚುಗ್ತಾಯ್ ಅವರ ಉರ್ದು ಕಥೆ 'ಲಿಹಾಫ್' 1942ರಲ್ಲಿ ಲಾಹೋರಿನ 'ಅದಬ್-ಎ-ಲತೀಫ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಲಿಹಾಫ್ ಎಂದರೆ ಹತ್ತಿ ತುಂಬಿದ ರಜಾಯಿ. ಗಂಡನ ಅನಾದರಕ್ಕೆ ಗುರಿಯಾದ ಬೇಗಂ ಜಾನ್, ಅವಳ ಸೇವಕಿ ರಬ್ಬು. ಅವರನ್ನು ಕಂಡದ್ದು ಒಬ್ಬ ಪುಟ್ಟ ಹುಡುಗಿ. ಅವಳಿಗೆ ಕಾಣುವುದು ಗೋಡೆಯ ಮೇಲೆ ಆನೆಯಂತೆ ಅಲುಗುವ ರಜಾಯಿಯ ನೆರಳು, ಅಷ್ಟೇ. 1944ರಲ್ಲಿ ಮೊಕದ್ದಮೆ ಬಿತ್ತು. ಕೆಟ್ಟ ಪದ ಯಾವುದೆಂದು ಪಾಟೀಸವಾಲಿನಲ್ಲಿ ಕೇಳಿದರೆ ಸಾಕ್ಷಿಗಳಿಗೆ ತೋರಿಸಲಾಗಲಿಲ್ಲ. ಇಸ್ಮತ್ ಗೆದ್ದರು.

ಗೆದ್ದರೂ ತಮ್ಮ ಬೇರೆಲ್ಲ ಬರವಣಿಗೆ ಆ ರಜಾಯಿಯಡಿ ಹೂತುಹೋಯಿತೆಂಬ ಕೊರಗು ಅವರಿಗೆ ಉಳಿಯಿತು. ಮಗುವಿನ ಕಣ್ಣು, ಕಲ್ಪನೆಯ ಮರೆ ಇದ್ದವು ಉಳಿದುಕೊಂಡವು. ನಮ್ಮನ್ನೂ ಬದುಕಲು ಬಿಡಿ ಎಂದು ನೇರವಾಗಿ ಕೇಳಿದ ಪುಸ್ತಕವೇ ನಾಶಕ್ಕೆ ಗುರಿಯಾಯಿತು.