ಓರ್ನಾತುಶ್ ವಿಯೊಲೇತಾ

ಪೋರ್ಚುಗಲ್‌ನ ಪರ್ಯಾಯ ರಾಕ್ ವಾದ್ಯವೃಂದ ‘ಓರ್ನಾತುಶ್ ವಿಯೊಲೇತಾ’ 1991ರಲ್ಲಿ ಪೋರ್ಟೊ ನಗರದಲ್ಲಿ ಹುಟ್ಟಿತು. ಹಾಡುಗಾರಿಕೆ ಮಾನೆಲ್ ಕ್ರೂಸ್ ಅವರದು. ಗಿಟಾರ್ ಪೇಶ್, ಬಾಸ್ ನೂನು ಪ್ರಾತಾ, ಡ್ರಮ್ಸ್ ಕಿನೋರ್ಮ್, ಕೀಬೋರ್ಡ್ ಎಲೀಸಿಯು ದೋನಾಶ್. ಹಾಡುಗಳೆಲ್ಲ ಹೆಚ್ಚುಕಡಿಮೆ ಪೋರ್ಚುಗೀಸ್ ಭಾಷೆಯವೇ.

1997ರ ಮೊದಲ ಆಲ್ಬಂ ‘ಕಾಂವ್!’ನಲ್ಲಿ ಫಂಕ್, ಸ್ಕಾ, ಜಾಝ್ ಮತ್ತು ರಾಕ್ ಒಂದರೊಳಗೊಂದು ಬೆರೆತು ಕುಣಿಯುತ್ತವೆ. ಎರಡು ವರ್ಷಗಳ ನಂತರ ಬಂದ ‘ಉ ಮೋನ್‌ಶ್ತ್ರು ಪ್ರಸೀಝ ದಿ ಅಮೀಗುಶ್’ (ರಾಕ್ಷಸನಿಗೆ ಗೆಳೆಯರು ಬೇಕು) ಇನ್ನಷ್ಟು ಗಾಢ, ವಿಷಾದಭರಿತ. ವೃಂದದ ಶ್ರೇಷ್ಠ ಕೃತಿ ಇದೇ. ಇದರ ‘ಓವಿ ದಿಝೇರ್’ ಮುಗಿದುಹೋದ ಪ್ರೇಮದ ಹಾಡು. ಕ್ರೂಸ್ ಅವರ ದನಿ ಮೆಲ್ಲಗೆ ಏರುತ್ತ ಹೋಗಿ, ಕೊನೆಗೆ ನಟ ವೀತೊರ್ ಎಶ್ಪದೀನ್ಯ ಅವರ ಮಾತಿಗೆ ಎಡೆಮಾಡಿಕೊಡುತ್ತದೆ. ಹಾಡು ನಿಂತು ಮಾತು ಮುಂದುವರಿಯುವ ಆ ಘಳಿಗೆಯಲ್ಲೇ ಅದರ ನೋವೆಲ್ಲ ಇದೆ. ಮತ್ತೊಂದು ಹಾಡು ‘ಕಪಿತಾಂವ್ ರೊಮಾನ್ಸ್’ನಲ್ಲಿ ಅಮೆರಿಕದ ‘ವಯೊಲೆಂಟ್ ಫೆಮ್ಸ್’ ತಂಡದ ಗಾರ್ಡನ್ ಗೇನೋ ದನಿಗೂಡಿಸಿದ್ದಾರೆ. ಎರಡೂ ಆಲ್ಬಂಗಳ ನಿರ್ಮಾಪಕರು ಮಾರಿಯು ಬರೈರುಶ್.

2002ರಲ್ಲಿ ವೃಂದ ಚದುರಿತು. ಕ್ರೂಸ್ ಮತ್ತು ಪೇಶ್ ‘ಪ್ಲೂಟೊ’ ತಂಡ ಕಟ್ಟಿದರು. 2008ರಲ್ಲಿ ಕ್ರೂಸ್ ‘ಫೋಝ್ ಫೋಝ್ ಬಂದೀದು’ ಹೆಸರಿನಲ್ಲಿ ಪುಸ್ತಕದೊಂದಿಗೆ ಜೋಡಿ ಆಲ್ಬಂ ತಂದರು. ಎರಡೇ ಆಲ್ಬಂ ಬಿಟ್ಟುಹೋದ ವೃಂದಕ್ಕೆ ಈ ನಡುವೆ ಹೊಸ ಪೀಳಿಗೆಯ ಕೇಳುಗರು ಸೇರಿಕೊಂಡರು. 2012ರಲ್ಲಿ ಪರೇದಿಶ್ ದಿ ಕೋರ ಉತ್ಸವದಲ್ಲಿ, ಆಮೇಲೆ ಲಿಸ್ಬನ್ ಮತ್ತು ಪೋರ್ಟೊ ನಗರಗಳ ಕೊಲಿಸೆವು ಸಭಾಂಗಣಗಳಲ್ಲಿ ಐವರೂ ಮತ್ತೆ ವೇದಿಕೆ ಏರಿದರು. ಎರಡನೆಯ ಆಲ್ಬಂಗೆ 20 ವರ್ಷ ತುಂಬಿದ 2019ರಲ್ಲೂ ಒಂದಾಗಿ ಹಾಡಿದರು. ಎಲೀಸಿಯು ದೋನಾಶ್ 2023ರಲ್ಲಿ ತೀರಿಕೊಂಡರು.