ಕೃತಿಸ್ವಾಮ್ಯ ಶಿಕ್ಷಣ (ಶಾಲೆಗಳಲ್ಲಿ)

ಗ್ರಂಥ, ಗೀತೆ, ಚಿತ್ರ, ಚಲನಚಿತ್ರ, ತಂತ್ರಾಂಶ ಮೊದಲಾದವನ್ನು ರಚಿಸಿದವರಿಗೆ ಅವುಗಳ ಮುದ್ರಣ, ಪ್ರಕಟಣೆ, ಪ್ರದರ್ಶನ, ರೂಪಾಂತರಗಳ ವಿಷಯದಲ್ಲಿ ಶಾಸನವು ಕೊಟ್ಟಿರುವ ಹಕ್ಕನ್ನೂ, ಅಂತರಜಾಲದಲ್ಲಿ ಅದಕ್ಕೊದಗುವ ಭಂಗವನ್ನೂ (ರೂಢಿಯ ಮಾತಿನಲ್ಲಿ ಪೈರಸಿ), ಆ ಹಕ್ಕಿನ ಮೇರೆಗಳನ್ನೂ ಶಾಲೆಯ ಮಕ್ಕಳಿಗೆ ತಿಳಿಯಹೇಳುವ ಬೋಧನೆ. ಮೂರನೆಯ ಅಂಶವು ಬಹುಮಟ್ಟಿಗೆ ಉಪೇಕ್ಷಿತವಾಗಿರುವುದರಿಂದ ಇಲ್ಲಿ ಅದಕ್ಕೆ ಹೆಚ್ಚಿನ ಸ್ಥಳವನ್ನು ಕೊಡಲಾಗಿದೆ. ಸ್ವಾಮ್ಯಭಂಗವನ್ನು ಕೃತಿಚೌರ್ಯದೊಡನೆ ಬೆರೆಸಕೂಡದು. ಪಂಪನ ಪದ್ಯವನ್ನು ತನ್ನದೆಂದು ಹೇಳಿಕೊಂಡವನದು ಚೌರ್ಯ, ಸ್ವಾಮ್ಯಭಂಗವಲ್ಲ. ಇಂದಿನ ಕಾದಂಬರಿಯೊಂದನ್ನು ಕರ್ತೃವಿನ ಹೆಸರಿನೊಡನೆಯೇ, ಆದರೆ ಅನುಮತಿಯಿಲ್ಲದೆ, ಪಿಡಿಎಫ್ ಮಾಡಿ ಹಂಚಿದವನದು ಸ್ವಾಮ್ಯಭಂಗ, ಚೌರ್ಯವಲ್ಲ.

ಹಿನ್ನೆಲೆ

ಕೃತಿಸ್ವಾಮ್ಯಕ್ಕೂ ವಿದ್ಯೆಗೂ ನಂಟು ಹಳೆಯದು. 1710ರಲ್ಲಿ ಜಾರಿಗೆ ಬಂದ, ಇಂಗ್ಲೆಂಡಿನ ಆನ್ ರಾಣಿಯ ಕಾಲದ ಶಾಸನವು ವಿದ್ಯೆಯ ಪ್ರೋತ್ಸಾಹವನ್ನೇ ತನ್ನ ಶೀರ್ಷಿಕೆಯಲ್ಲಿ ಸಾರಿ, ಹೊಸ ಗ್ರಂಥಗಳ ಕರ್ತೃಗಳಿಗೆ 14 ವರ್ಷಗಳ ಹಕ್ಕನ್ನೂ, ಆ ಅವಧಿ ಮುಗಿದಾಗ ಕರ್ತೃ ಜೀವಂತನಾಗಿದ್ದರೆ ಮತ್ತೆ 14 ವರ್ಷಗಳನ್ನೂ ಕೊಟ್ಟಿತು. ಭಾರತದಲ್ಲಿ 1847ರ ಮತ್ತು 1914ರ ಕಾಯಿದೆಗಳ ತರುವಾಯ, 1957ರ ಕೃತಿಸ್ವಾಮ್ಯ ಅಧಿನಿಯಮವು 1958ರ ಜನವರಿ 21ರಿಂದ ಜಾರಿಗೆ ಬಂದಿತು. ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯವು 1991ರ ಅಂತ್ಯಕ್ಕೆ ತೀರಲಿದ್ದ ಸಂದರ್ಭದಲ್ಲಿ, ಕರ್ತೃವಿನ ಮರಣಾನಂತರದ ಅವಧಿಯನ್ನು 50 ವರ್ಷಗಳಿಂದ 60ಕ್ಕೆ ಏರಿಸಲಾಯಿತು. ಈ ಗಣನೆಯಂತೆ 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಕೃತಿಗಳನ್ನು ಇಂದು ಯಾವ ಶಾಲೆಯಾದರೂ ಅಚ್ಚುಹಾಕಿಸಬಹುದು. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳಿಗೆ 2054ರ ಕೊನೆಯವರೆಗೆ ರಕ್ಷಣೆಯುಂಟು.

ಪ್ರಚಾರೋಪಾಯಗಳು

ಮಕ್ಕಳನ್ನು ಉದ್ದೇಶಿಸಿದ ಪ್ರಚಾರವು ಬಹುಕಾಲ ನಿಷೇಧವನ್ನೇ ನೆಚ್ಚಿತ್ತು. 1992ರಲ್ಲಿ ಅಮೆರಿಕದ ತಂತ್ರಾಂಶ ಪ್ರಕಾಶಕರ ಸಂಘವು ಫ್ಲಾಪಿಗಳ ನಕಲು ಮಾಡಬೇಡಿರೆಂಬ ಕಿರುಚಿತ್ರವನ್ನು ಶಾಲೆಗಳಿಗೆ ಕಳುಹಿಸಿತು. ಕೆನಡಾದಲ್ಲಿ 2006ರಲ್ಲಿ ಮೈದಳೆದ ‘ಕ್ಯಾಪ್ಟನ್ ಕಾಪಿರೈಟ್’ ಎಂಬ ವೀರನ ಪಾಠಗಳು ಓದುಗರ ನ್ಯಾಯವಾದ ಹಕ್ಕುಗಳನ್ನು ಸರಿಯಾಗಿ ತಿಳಿಸುವುದಿಲ್ಲವೆಂಬ ಆಕ್ಷೇಪಕ್ಕೊಳಗಾಗಿ ಮರುವರ್ಷವೇ ಹಿಂದೆ ಸರಿದುವು. ಭಾರತದಲ್ಲಿ 2016ರ ರಾಷ್ಟ್ರೀಯ ಬೌದ್ಧಿಕ ಸ್ವತ್ತಿನ ನೀತಿಯ ಅನಂತರ, 2018ರಲ್ಲಿ, ಮೊಮ್ಮಗ ಛೋಟುವಿನೊಡನೆ ಪೈರಸಿಯ ವಿರುದ್ಧ ಹೋರಾಡುವ ‘ಐಪಿ ನಾನಿ’ ಎಂಬ ಅಜ್ಜಿಯ ಪಾತ್ರ ಬಂದಿತು. ವೀರನಿಗಿಂತ ಅಜ್ಜಿಯ ಮಾತು ನಮ್ಮ ಮಕ್ಕಳಿಗೆ ಹತ್ತಿರವಾದದ್ದೆಂದು ಹೇಳಬಹುದು.

ತರಗತಿಯೂ 52ನೆಯ ಕಲಮೂ

ಅಧಿನಿಯಮದ 52ನೆಯ ಕಲಮು ಸ್ವಾಮ್ಯಭಂಗವಲ್ಲದ ಕಾರ್ಯಗಳನ್ನು ಎಣಿಸಿ ಹೇಳುತ್ತದೆ. ಬೋಧನೆಯ ಕ್ರಮದಲ್ಲಿ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಮಾಡಿಕೊಳ್ಳುವ ಪ್ರತಿ, ಪ್ರಶ್ನಪತ್ರಿಕೆಯಲ್ಲಿಯೂ ಉತ್ತರದಲ್ಲಿಯೂ ಬರುವ ಉದ್ಧರಣ, ಸಂಸ್ಥೆಯ ಸಿಬ್ಬಂದಿಯೂ ವಿದ್ಯಾರ್ಥಿಗಳೂ ಸಂಸ್ಥೆಯ ಚಟುವಟಿಕೆಗಳ ಅಂಗವಾಗಿ ಆಡುವ ನಾಟಕ, ಸಿಬ್ಬಂದಿ, ವಿದ್ಯಾರ್ಥಿ, ಪೋಷಕರಿಗೆ ಸೀಮಿತವಾದ ಸಭೆಯಲ್ಲಿ ತೋರಿಸುವ ಚಲನಚಿತ್ರ ಇವೆಲ್ಲವೂ ಅದರಲ್ಲಿ ಸೇರಿವೆ. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿಶ್ವವಿದ್ಯಾನಿಲಯವೊಂದರ ಜೆರಾಕ್ಸ್ ಪಾಠಸಂಪುಟಗಳ ವ್ಯಾಜ್ಯದಲ್ಲಿ, ಬೋಧನೆಯೆಂಬುದು ಅಧ್ಯಾಪಕನು ತರಗತಿಯಲ್ಲಿ ನಿಂತು ಮಾತನಾಡುವ ಗಳಿಗೆಗಷ್ಟೇ ಸೀಮಿತವಲ್ಲವೆಂದು ನಿರ್ಣಯಿಸಿತು. ಇದೇ ತತ್ತ್ವ ಶಾಲೆಗಳಿಗೂ ಅನ್ವಯಿಸುವುದೆಂದು ತೋರುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಇನ್ನೂ ಮುಖ್ಯವಾದುದು ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ವ್ಯಾಜ್ಯ. ಭೀಷ್ಮವಿಜಯ, ನಳದಮಯಂತಿ ಮೊದಲಾದ ಏಳು ಪ್ರಸಂಗಗಳಿಗೆ ಕಾರಂತರು ಕೊಟ್ಟ ಹೊಸ ರೂಪದ ಸ್ವಾಮ್ಯವು ಅವರ ಉಯಿಲಿನ ಮೇರೆಗೆ ಯಾರಿಗೆ ಸಂದಿತೆಂಬ ಪ್ರಶ್ನೆಯನ್ನು 2009ರ ಜನವರಿಯಲ್ಲಿ ಇತ್ಯರ್ಥಗೊಳಿಸಿದ ಸರ್ವೋಚ್ಚ ನ್ಯಾಯಾಲಯವು, ಉಯಿಲಿನ ಮೂಲಕ ಹಕ್ಕು ಪಡೆದವರ ಪರವಾಗಿದ್ದ ಪ್ರತಿಬಂಧಕಾಜ್ಞೆಯನ್ನು ಉಳಿಸಿಕೊಂಡೂ, ಶಿಕ್ಷಣ ಸಂಸ್ಥೆಯು 52ನೆಯ ಕಲಮಿನ ಮೇರೆಯೊಳಗೆ ಕಟ್ಟುನಿಟ್ಟಾಗಿ ನಡೆಸುವ ಪ್ರದರ್ಶನಕ್ಕೆ ಅದು ಅಡ್ಡಬರದೆಂದು ಸ್ಪಷ್ಟಪಡಿಸಿತು. ಹಕ್ಕೂ ಅದರ ಮೇರೆಯೂ ಒಂದೇ ತೀರ್ಪಿನಲ್ಲಿ ನಿಂತಿರುವ ಇದಕ್ಕಿಂತ ಉತ್ತಮವಾದ ಪಾಠವನ್ನು ಶಾಲಾ ವಾರ್ಷಿಕೋತ್ಸವಕ್ಕೆ ಯಕ್ಷಗಾನ ಕಲಿಯುವ ಮಕ್ಕಳಿಗೆ ಕೊಡುವುದು ಕಷ್ಟ.

ದಂಡನೆ

ತಿಳಿದೂ ಮಾಡಿದ ಸ್ವಾಮ್ಯಭಂಗಕ್ಕೆ 63ನೆಯ ಕಲಮು 6 ತಿಂಗಳಿಂದ 3 ವರ್ಷಗಳವರೆಗೆ ಸೆರೆಯನ್ನೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ಜುಲ್ಮಾನೆಯನ್ನೂ ವಿಧಿಸುತ್ತದೆ; ವ್ಯಾಪಾರದ ಲಾಭಕ್ಕಾಗಿ ಮಾಡದ ಪಕ್ಷದಲ್ಲಿ ನ್ಯಾಯಾಲಯವು ಇವನ್ನು ತಗ್ಗಿಸಬಹುದು. ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸುವುದು ಚಲನಚಿತ್ರ ಅಧಿನಿಯಮದ 2023ರ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧವಾಗಿದೆ.

ಬೋಧನಕ್ರಮ

ಭಯವನ್ನು ಮಾತ್ರ ಬಿತ್ತುವ ಪಾಠವು ಸಿಕ್ಕಿಬೀಳದಿರುವ ಉಪಾಯವನ್ನು ಕಲಿಸೀತೇ ಹೊರತು ಗೌರವವನ್ನು ಕಲಿಸದು. ನ್ಯಾಯವಾಗಿ ದೊರೆಯುವುದನ್ನು ತೋರಿಸಿಕೊಡುವುದು ಮೊದಲ ಹೆಜ್ಜೆ: ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟ ಕನ್ನಡ ವಿಶ್ವಕೋಶದ ಸಂಪುಟಗಳನ್ನು, ಆಕರವನ್ನು ಹೆಸರಿಸಿ, ಯಾವ ವಿದ್ಯಾರ್ಥಿಯಾದರೂ ಬಳಸಬಹುದು. ಎರಡನೆಯದು, ವಿದ್ಯಾರ್ಥಿಯೇ ಕರ್ತೃವೆಂಬ ಅರಿವು. ಐದನೆಯ ತರಗತಿಯ ಹುಡುಗಿ ತಾನೇ ಬರೆದ ಕವಿತೆಗೂ ಬಿಡಿಸಿದ ಚಿತ್ರಕ್ಕೂ, ಯಾವ ನೋಂದಣಿಯೂ ಇಲ್ಲದೆ, ಕಾಯಿದೆಯ ದೃಷ್ಟಿಯಲ್ಲಿ ಪ್ರಥಮ ಸ್ವಾಮಿನಿ. ಅದನ್ನು ವಾರ್ಷಿಕ ಸಂಚಿಕೆಯಲ್ಲಿ ಅಚ್ಚುಹಾಕುವ ಮುನ್ನ ಅಧ್ಯಾಪಕರು ಅವಳನ್ನೂ ಅವಳ ತಂದೆತಾಯಿಗಳನ್ನೂ ಕೇಳಿ, ಅವಳ ಹೆಸರನ್ನು ತಪ್ಪಿಲ್ಲದೆ ಮುದ್ರಿಸಿದರೆ, ಪರರ ಕೃತಿಯನ್ನು ಮುಟ್ಟುವ ಮುನ್ನ ಕೇಳಬೇಕೆಂಬುದು ಆ ಮಗುವಿಗೆ ಅನುಭವದಿಂದಲೇ ತಿಳಿದಿರುತ್ತದೆ.