ರುಜು ಹಾಕಿ ಕೆಲಸಕ್ಕೆ ಬಾರದವರು: 1859ರ ಕಾಯಿದೆಯೂ ಕೊಡಗಿನ ಕಾಫಿ ತೋಟಗಳೂ

ಕೆಲಸ ಮಾಡುವುದಾಗಿ ಒಪ್ಪಿ, ಕರಾರುಪತ್ರಕ್ಕೆ ರುಜು ಹಾಕಿ, ಸೇರಬೇಕಾದ ದಿನ ಬರುವುದಕ್ಕೆ ಮುಂಚೆಯೇ ಹಿಂದೆಗೆದವನನ್ನು ಏನು ಮಾಡಬೇಕು? ಈ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯಶಾಸ್ತ್ರಕ್ಕೆ ಸೇರಿದುದು. ಆದರೆ ಕಾಲಕಾಲಕ್ಕೆ ಅದಕ್ಕೆ ದೊರೆತ ಉತ್ತರಗಳನ್ನು ಸಾಲಾಗಿಟ್ಟು ನೋಡಿದರೆ, ಅದು ಸಮಾಜದ ಚರಿತ್ರೆಗೂ ಅಷ್ಟೇ ಸೇರಿದುದೆಂದು ತಿಳಿಯುತ್ತದೆ. ಮಾತಿಗೆ ತಪ್ಪಿದವನು ನಷ್ಟ ತುಂಬಿಕೊಡಬೇಕೆಂಬುದು ಒಂದು ಉತ್ತರ. ಅವನು ಸೆರೆಮನೆಗೆ ಹೋಗಬೇಕೆಂಬುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಇವೆರಡೂ ಏಕಕಾಲದಲ್ಲಿ ಜಾರಿಯಲ್ಲಿದ್ದುವು. ಯಾವುದು ಯಾರಿಗೆ ಅನ್ವಯಿಸುತ್ತಿತ್ತೆಂಬುದನ್ನು ಕನ್ನಡನಾಡಿನ ಕಾಫಿ ಸೀಮೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಕಲ್ಕತ್ತೆಯ ಐರೋಪ್ಯ ವ್ಯಾಪಾರಿಗಳ ಸಂಘದ ಮನವಿಯ ಫಲವಾಗಿ 1859ರಲ್ಲಿ ಹದಿಮೂರನೆಯ ಕಾಯಿದೆ ಹುಟ್ಟಿತು. ಕೆಲಸಗಾರರ ಕರಾರುಭಂಗದ ಕಾಯಿದೆಯೆಂದು ಇದು ಪ್ರಸಿದ್ಧವಾಗಿದೆ. ಮುಂಗಡ ಪಡೆದ ಕುಶಲಕರ್ಮಿಗಳೂ ಕೂಲಿಗಳೂ ಮೋಸದಿಂದ ಕರಾರು ಮುರಿಯುತ್ತಿರುವುದರಿಂದ ಒಡೆಯರಿಗೆ ನಷ್ಟವಾಗುತ್ತಿದೆಯೆಂದು ಪೀಠಿಕೆ ಹೇಳಿತು. ಆದರೆ ಕಾಯಿದೆಯ ಒಳಭಾಗದಲ್ಲಿ ಮೋಸವನ್ನು ರುಜುವಾತುಪಡಿಸಬೇಕೆಂಬ ನಿರ್ಬಂಧವಿರಲಿಲ್ಲ. ಮುಂಗಡ ಪಡೆದವನು ಬೇಕೆಂದೇ, ತಕ್ಕ ಕಾರಣವಿಲ್ಲದೆ, ಕೆಲಸ ಮಾಡಲು ಒಲ್ಲೆನೆಂದರೆ ಸಾಕಾಗಿತ್ತು. ಹಣ ಹಿಂದಿರುಗಿಸಬೇಕೋ ಕೆಲಸ ಮಾಡಬೇಕೋ ಎಂಬುದನ್ನು ಆರಿಸುವ ಹಕ್ಕು ಒಡೆಯನದು. ಅದರಂತೆ ಆಜ್ಞೆ ಮಾಡುವವನು ಮ್ಯಾಜಿಸ್ಟ್ರೇಟು. ಆಜ್ಞೆಯನ್ನು ಪಾಲಿಸದ ಕೂಲಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಒಡೆಯನೇ ಕರಾರು ಮುರಿದರೆ ಅವನಿಗೆ ಈ ಕಾಯಿದೆಯಲ್ಲಿ ಯಾವ ಸಜೆಯೂ ಇರಲಿಲ್ಲ. ಇದಲ್ಲದೆ, 1860ರ ದಂಡಸಂಹಿತೆಯ 492ನೆಯ ಪ್ರಕರಣವು, ಒಡೆಯನ ಖರ್ಚಿನಲ್ಲಿ ದೂರದೂರಿಗೆ ಕರೆದೊಯ್ಯಲ್ಪಟ್ಟ ಕೂಲಿಯು ಬರವಣಿಗೆಯ ಕರಾರಿಗೆ ವಿರುದ್ಧವಾಗಿ ಕೆಲಸ ಬಿಟ್ಟರೆ ಅಥವಾ ಕಾರಣವಿಲ್ಲದೆ ಮಾಡಲೊಪ್ಪದಿದ್ದರೆ, ಅದನ್ನು ಅಪರಾಧವೆಂದೇ ಪರಿಗಣಿಸಿತು.

ಮೊದಲಿಗೆ ರಾಜಧಾನಿ ನಗರಗಳಿಗಾಗಿ ಮಾಡಿದ ಈ ಕಾಯಿದೆಯನ್ನು ಇತರ ಪ್ರದೇಶಗಳಿಗೂ ವಿಸ್ತರಿಸಲು ಅವಕಾಶವಿದ್ದಿತು. ಅದು ನೆಲೆಯೂರಿದುದು ತೋಟಗಾರಿಕೆಯ ಸೀಮೆಗಳಲ್ಲಿ. ಕೊಡಗು 1834ರಲ್ಲಿ ಕಂಪನಿಯ ಆಡಳಿತಕ್ಕೆ ಸೇರಿತು. 1854ರಲ್ಲಿ ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟ ಆರಂಭವಾಯಿತು. ಕಾಡು ಕಡಿದು ತೋಟ ಮಾಡಲು ಸ್ಥಳೀಯ ಜನ ಸಾಲಲಿಲ್ಲ. ಬಯಲುಸೀಮೆಯಿಂದಲೂ ಕರಾವಳಿಯಿಂದಲೂ ಆಳುಗಳನ್ನು ತರಿಸಬೇಕಾಯಿತು. ತರುವವನು ಮೇಸ್ತ್ರಿ. ತೋಟದ ದೊರೆ ಮೇಸ್ತ್ರಿಗೆ ಮುಂಗಡ ಕೊಡುವನು. ಮೇಸ್ತ್ರಿ ಊರಿಗೆ ಹೋಗಿ ಆ ಹಣವನ್ನು ಮನೆಮನೆಗೆ ಹಂಚಿ, ಹೆಬ್ಬೆಟ್ಟಿನ ಗುರುತು ಪಡೆದು, ಗೊತ್ತಾದ ಕಾಲಕ್ಕೆ ಗುಂಪನ್ನು ಘಟ್ಟಕ್ಕೆ ಕರೆತರುವನು. ಹೀಗೆ ರುಜುವಿಗೂ ಕೆಲಸದ ಮೊದಲ ದಿನಕ್ಕೂ ನಡುವೆ ಒಂದು ಅಂತರ ಏರ್ಪಟ್ಟಿತು. ನಮ್ಮ ವಿಷಯವಿರುವುದು ಈ ಅಂತರದಲ್ಲಿಯೇ.

ಆಳು ಏಕೆ ಬರಲಿಲ್ಲ? ಬಯಲುಸೀಮೆಯ ಬೇಸಾಯದ ಕ್ರಮವನ್ನು ಬಲ್ಲವರಿಗೆ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇಂತಹ ರಾಗಿಯ ಸೀಮೆಯಲ್ಲಿ ಮಳೆ ಬಂದರೆ ಊರಿನಲ್ಲೇ ಕೆಲಸ, ಬಾರದಿದ್ದರೆ ಹೊರಗಿನ ಕೂಲಿ. ಮುಂಗಡ ಪಡೆಯುವುದು ಕೈ ಬರಿದಾದಾಗ. ಹೊರಡಬೇಕಾದ ದಿನ ಬರುವಷ್ಟರಲ್ಲಿ ಊರಿನ ಸ್ಥಿತಿ ಬದಲಾಗಿರಬಹುದು. ಇದರ ಮೇಲೆ ಮಲೆನಾಡಿನ ಚಳಿಜ್ವರದ ಭಯ ಬೇರೆ. ಇಬ್ಬರು ಮೇಸ್ತ್ರಿಗಳಿಂದ ಮುಂಗಡ ಪಡೆದವರೂ ಇರಲಿಲ್ಲವೆಂದು ನಾವು ಹೇಳಲಾರೆವು. ತೋಟದವರ ನಷ್ಟವೂ ಸುಳ್ಳಲ್ಲ: ಹಣ್ಣು ಮಾಗಿದಾಗ ಆಳು ಬಾರದಿದ್ದರೆ ವರ್ಷದ ಬೆಳೆ ನೆಲಕ್ಕೆ ಉದುರುತ್ತದೆ. ಪ್ರಶ್ನೆಯಿರುವುದು ನಷ್ಟವಾಯಿತೇ ಎಂಬುದರಲ್ಲಲ್ಲ. ಆ ನಷ್ಟಕ್ಕೆ ಸೆರೆಮನೆಯು ತಕ್ಕ ಪರಿಹಾರವೇ ಎಂಬುದರಲ್ಲಿ.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ಇದರೊಡನೆ ಹೋಲಿಸಬಹುದು. 1852ರ ಏಪ್ರಿಲಿನಲ್ಲಿ ದೆ ಲಾ ಟೂರ್ ಎಂಬಾತನು, ಜೂನ್ 1ರಿಂದ ತನ್ನ ಐರೋಪ್ಯ ಪ್ರವಾಸದಲ್ಲಿ ಜೊತೆಗಿರಲು ಹಾಕ್‌ಸ್ಟರ್ ಎಂಬ ಪ್ರವಾಸ ಸಹಾಯಕನನ್ನು ಗೊತ್ತುಮಾಡಿಕೊಂಡನು. ಮೇ ತಿಂಗಳಲ್ಲಿ ಮನಸ್ಸು ಬದಲಾಯಿಸಿ ಬೇಡವೆಂದು ಬರೆದನು. ಕೆಲಸದ ದಿನ ಬರುವುದಕ್ಕೆ ಮುಂಚೆಯೇ ದಾವೆ ಹೂಡಬಹುದೆಂದು 1853ರಲ್ಲಿ ತೀರ್ಪಾಯಿತು. ಇಲ್ಲಿ ಹಿಂದೆಗೆದವನು ಒಡೆಯ; ಅವನು ಕೊಡಬೇಕಾಗಿ ಬಂದುದು ಹಣ ಮಾತ್ರ. ಈ ತತ್ತ್ವವೇ 1872ರ ಭಾರತೀಯ ಕರಾರು ಕಾಯಿದೆಯ 39ನೆಯ ಪ್ರಕರಣದಲ್ಲಿ ಕಾಣುತ್ತದೆ. ಅದೇ ಕಾಯಿದೆಯ 74ನೆಯ ಪ್ರಕರಣದಂತೆ, ಕರಾರಿನಲ್ಲಿ ಎಷ್ಟೇ ಮೊತ್ತ ನಮೂದಾಗಿರಲಿ, ಅದರ ಮಿತಿಯೊಳಗೆ ನ್ಯಾಯವೆನಿಸುವ ಪರಿಹಾರ ಮಾತ್ರ ಸಲ್ಲುತ್ತದೆ. 1877ರ ಶಾಸನವೊಂದು ವ್ಯಕ್ತಿಯ ಇಚ್ಛೆಯನ್ನೂ ಯೋಗ್ಯತೆಯನ್ನೂ ಅವಲಂಬಿಸಿದ ಕರಾರನ್ನು ಬಲವಂತದಿಂದ ನಡೆಸಿಕೊಡುವಂತಿಲ್ಲವೆಂದಿತು; 1963ರಲ್ಲಿ ಅದರ ಸ್ಥಾನಕ್ಕೆ ಬಂದ ಶಾಸನವೂ ಈ ತತ್ತ್ವವನ್ನು ಉಳಿಸಿಕೊಂಡಿತು. ಅಂದರೆ, ಗುಮಾಸ್ತೆಗೂ ಸಹಾಯಕನಿಗೂ ಒಂದು ನ್ಯಾಯ, ಮುಂಗಡ ಪಡೆದ ಕೂಲಿಗೆ ಇನ್ನೊಂದು. ಇಂಗ್ಲೆಂಡಿನಲ್ಲಿ ಕೆಲಸಗಾರನ ಕರಾರುಭಂಗವನ್ನು ಅಪರಾಧವೆನ್ನುತ್ತಿದ್ದ ಕಾಯಿದೆಗಳು 1875ರಲ್ಲಿಯೇ ರದ್ದಾದುವು. ಭಾರತದ ಕೂಲಿ ಇನ್ನೂ ಐವತ್ತು ವರ್ಷ ಕಾಯಬೇಕಾಯಿತು.

1920ರ ತಿದ್ದುಪಡಿ ಕಾಯಿದೆಯ ಕಾಠಿಣ್ಯವನ್ನು ಕೊಂಚ ತಗ್ಗಿಸಿತು. 1925ರ ರದ್ದಿಯಾತಿ ಕಾಯಿದೆಯು 1926ರ ಏಪ್ರಿಲ್ 1ರಿಂದ ಅದನ್ನು ಕೊನೆಗಾಣಿಸಿತು. ದಂಡಸಂಹಿತೆಯ 492ನೆಯ ಪ್ರಕರಣವೂ ಅದರೊಡನೆ ಹೋಯಿತು. ಆದರೆ ಕೊಡಗಿನಲ್ಲಿ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿ 1926ರಲ್ಲಿಯೇ ಪ್ರತ್ಯೇಕವಾಗಿ ಮಾಡಿಕೊಂಡ ಕಾರ್ಮಿಕ ಕಾಯಿದೆಯು ದಂಡನೆಯ ಪದ್ಧತಿಯನ್ನು 1931ರವರೆಗೆ ಉಳಿಸಿಕೊಂಡಿತು. ದೇಶದ ಉಳಿದೆಡೆ ತಪ್ಪೆಂದು ಕೈಬಿಟ್ಟುದನ್ನು ಒಂದು ಸಣ್ಣ ಪ್ರಾಂತವು ಹೀಗೆ ಮುಂದುವರಿಸಿದುದು ತೋಟದ ಹಿತಾಸಕ್ತಿಯ ಬಲವನ್ನು ತೋರಿಸುತ್ತದೆ.

ಕಾಯಿದೆ ಹೋದರೂ ಮುಂಗಡದ ಹಿಡಿತ ಹೋಗಲಿಲ್ಲ. ಸಾಲಕ್ಕಾಗಿ ದುಡಿಮೆಯನ್ನು ಒತ್ತೆಯಿಡುವ ಜೀತ ಪದ್ಧತಿ ಹಳ್ಳಿಗಳಲ್ಲಿ ಉಳಿದಿತ್ತು. ಸಂವಿಧಾನದ 23ನೆಯ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸಿತು. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆಯು ಜೀತದ ಸಾಲವನ್ನೇ ಅಳಿಸಿಹಾಕಿತು. 1859ರ ಕಾಯಿದೆ ಮುಂಗಡವನ್ನು ಸೆರೆಯ ಕೀಲಿಕೈಯಾಗಿ ಮಾಡಿದ್ದರೆ, 1976ರ ಕಾಯಿದೆ ಆ ಕೀಲಿಕೈಯನ್ನೇ ಕಸಿದುಕೊಂಡಿತೆನ್ನಬಹುದು.

ಇತ್ತೀಚಿನ ಒಂದು ತೀರ್ಪು ಇಲ್ಲಿ ಗಮನಾರ್ಹವಾಗಿದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕು, ಮೂರು ವರ್ಷಕ್ಕೆ ಮುಂಚೆ ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡಬೇಕೆಂದು ಅಧಿಕಾರಿಯೊಬ್ಬರಿಂದ ಕರಾರು ಪಡೆದಿದ್ದಿತು. ಅವರು 2009ರಲ್ಲಿ ರಾಜೀನಾಮೆಯಿತ್ತು, ಹಣ ಕಟ್ಟಿ, ದಾವೆ ಹೂಡಿದರು. ಕರ್ನಾಟಕ ಉಚ್ಚ ನ್ಯಾಯಾಲಯ ಅವರ ಪಕ್ಷವನ್ನು ಎತ್ತಿಹಿಡಿಯಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿ ಕರಾರು ಊರ್ಜಿತವೆಂದಿತು. ಇದು ಕೆಲಸಕ್ಕೆ ಸೇರಿದ ಮೇಲೆ ಬಿಟ್ಟವರ ಪ್ರಕರಣವೆಂಬುದು ನಿಜ. ಆದರೂ ನಮ್ಮ ವಿಷಯಕ್ಕೆ ಇದರಿಂದ ಒಂದು ಬೆಳಕು ಸಿಕ್ಕುತ್ತದೆ: ಕರಾರಿಗೆ ಬೆಲೆಯುಂಟು, ಆದರೆ ಆ ಬೆಲೆ ಹಣದಲ್ಲಿ ಸಲ್ಲುತ್ತದೆ; ದೇಹದ ಮೇಲೆ ಯಾರಿಗೂ ಹಕ್ಕಿಲ್ಲ.

ಇಂದು ಸಾಸಲಿನಂತಹ ಊರಿನ ವಿದ್ಯಾರ್ಥಿಯು ಪದವಿ ಮುಗಿಸಿ, ದೊಡ್ಡಬಳ್ಳಾಪುರದ ಕಾರ್ಖಾನೆಯಲ್ಲೋ ಬೆಂಗಳೂರಿನ ಕಚೇರಿಯಲ್ಲೋ ನೇಮಕಪತ್ರಕ್ಕೆ ರುಜು ಹಾಕಿ, ಸೇರುವ ಮೊದಲೇ ಉತ್ತಮವಾದ ಇನ್ನೊಂದು ಅವಕಾಶ ಬಂದಾಗ ಕಳವಳಪಡುವುದು ಸಹಜ. ರುಜು ಹಾಕುವ ಮುನ್ನ ಪತ್ರವನ್ನು ಪೂರ್ತಿ ಓದಬೇಕು, ಹಿಂದೆಗೆಯುವುದಾದರೆ ತಡಮಾಡದೆ ಬರೆದು ತಿಳಿಸಬೇಕು ಎಂಬುದು ವ್ಯವಹಾರದ ಮಾತು. ಚರಿತ್ರೆ ಹೇಳುವುದು ಬೇರೊಂದು ಮಾತು. ಆ ವಿದ್ಯಾರ್ಥಿಯು ಆ ಕಳವಳವನ್ನು ಪರಿಹಾರದ ಲೆಕ್ಕಾಚಾರವಾಗಿ ಮಾತ್ರ ಅನುಭವಿಸಲು ಸಾಧ್ಯವಾಗಿರುವುದು, ಹೆಬ್ಬೆಟ್ಟೊತ್ತಿದ ಅನಾಮಧೇಯ ಕೂಲಿಗಳು ಅದೇ ತಪ್ಪಿಗೆ ಸೆರೆಮನೆ ಕಂಡ ಪದ್ಧತಿ ಅಳಿದುದರಿಂದ. ಮಾತಿಗೆ ನಿಲ್ಲುವುದು ದೊಡ್ಡ ಗುಣ; ಅದು ಗುಣವಾಗಿ ಉಳಿಯಬೇಕಾದರೆ, ನಿಲ್ಲದಿರುವ ಸ್ವಾತಂತ್ರ್ಯವೂ ಉಭಯಪಕ್ಷಗಳಿಗೆ ಸಮನಾಗಿರಬೇಕು.